ಗೆದ್ದರೆ ಇಬ್ಬರಿಗೆ ಊಟ ಫ್ರೀ

ನಿನ್ನೆ ರಾತ್ರಿ ಮುಂಬೈಯ ಡೊಂಬಿವಲಿ ಲೋಕಲ್‌ನಲ್ಲಿ ನೇತಾಡಿಕೊಂಡು ಬರುವಾಗ ಪರಿಚಯದ ಹೋಟೆಲಿನವರ ವಾಟ್ಸಾಪ್. "ಹೊಸ ಬ್ರಾಂಚಿಗೆ ಲೋಗೋ ಸ್ಪರ್ಧೆ ಇಟ್ಟಿದ್ದೇವೆ ಮಾರಾಯ್ರೇ, ನೀವೂ ಒಂದು ಕಳ್ಸಿ. ಗೆದ್ದವರಿಗೆ ಇಬ್ಬರ ಊಟ ಫ್ರೀ." ಕೆಳಗೆ ಸಣ್ಣಕ್ಷರದಲ್ಲಿ, ಬಂದ ಎಲ್ಲ ಡಿಸೈನುಗಳ ಹಕ್ಕೂ ಹೋಟೆಲಿನದ್ದೇ. ಬಡಗಿಗೆ, ಬೋರ್ಡಿನವನಿಗೆ ಮಾತ್ರ ಅಡ್ವಾನ್ಸ್ ಹೋಗಿದೆಯಂತೆ!

ಹೋದ ವರ್ಷ ಇಂಥದ್ದೇ ಒಂದಕ್ಕೆ ಮೂರು ರಾತ್ರಿ ಕೂತಿದ್ದೆ. ಬರೀ 'ಕ'ದ ತಲೆಕಟ್ಟಿಗೇ ಒಂದು ರಾತ್ರಿ. ಗಿಡ್ಡ ಮಾಡಿದರೆ ವಿಸಿಟಿಂಗ್ ಕಾರ್ಡಿನಲ್ಲಿ ಮಸಿ ತುಂಬಿ ಮುಚ್ಚಿಹೋಗುತ್ತದೆ, ಎತ್ತರಿಸಿದರೆ ಬೋರ್ಡಿನಲ್ಲಿ ಟೋಪಿ ಹಾಕಿದ ಹಾಗೆ ಕಾಣುತ್ತದೆ. ಕೊನೆಗೆ ಗೆದ್ದದ್ದು ಸ್ಪರ್ಧೆ ಇಟ್ಟವರ ಅಕ್ಕನ ಮಗ. ಇರಲಿ ಬಿಡಿ.

ಸ್ಪರ್ಧೆಯೇ ತಪ್ಪು ಅಂತ ನಾನು ಹೇಳೋದಿಲ್ಲ. ನಮ್ಮ ರೂಪಾಯಿ ಚಿಹ್ನೆ ಬಂದದ್ದೂ ಸ್ಪರ್ಧೆಯಿಂದಲೇ ಅಲ್ವಾ? ಇಲ್ಲೇ ಪೊವೈನ ಐಐಟಿಯಲ್ಲಿ ಓದಿದ ಡಿ. ಉದಯ ಕುಮಾರ್ ಮಾಡಿದ್ದು. 2010ರ ಜುಲೈ 15ರಂದು ಕೇಂದ್ರ ಸರ್ಕಾರ ಅದನ್ನು ಒಪ್ಪಿತು. ಬಹುಮಾನ 2.5 ಲಕ್ಷ ರೂಪಾಯಿ, ಹೆಸರೂ ಉಳಿಯಿತು. ಆದರೆ ಬಂದದ್ದು 3,000ಕ್ಕೂ ಜಾಸ್ತಿ ಡಿಸೈನು. ಉಳಿದವರೂ ನನ್ನ ಹಾಗೆ ರಾತ್ರಿ ಕೂತೇ ಮಾಡಿರಬೇಕು. ಇಲ್ಲಿ ನೋಡಿದರೆ ಊಟ, ಅದೂ ಇಬ್ಬರಿಗೆ ಮಾತ್ರ. ನಮ್ಮ ಮನೆಯಲ್ಲಿ ನಾಲ್ಕು ಜನ.

ಸುಮ್ನೆ ಇರೋಕಾಗಲಿಲ್ಲ. ಮೂರು ಸ್ಕೆಚ್‌ಗೆ ಇಷ್ಟು, ಅರ್ಧ ಮುಂಗಡ ಅಂತ ರೇಟ್ ಬರೆದು ಕಳಿಸಿದೆ. ಘಾಟ್‌ಕೋಪರ್‌ನಲ್ಲೇ ನೀಲಿ ಟಿಕ್ ಬಿತ್ತು. ಠಾಣೆ ದಾಟಿದರೂ ಉತ್ತರ ಇಲ್ಲ.