ಕಾಳಿಗೊಂದು ಕಲ್ಲು, ನಮ್ಮ ರಾಣಿಗೊಂದು ಹೊಂಗೆ

ನಮ್ಮ ರಾಣಿ ಮುಧೋಳ ತಳಿಯ ಬೇಟೆನಾಯಿ. ಓಡುವುದು ಕಂಡರೆ ಬೆನ್ನಟ್ಟುವುದು ಈ ತಳಿಯ ಹುಟ್ಟುಗುಣ, ಅದಕ್ಕಾಗಿ ಹೊಡೆಯುವುದು ಅನ್ಯಾಯ. ತರಬೇತಿಗೆ ಬಂದವರೊಬ್ಬರು ಕತ್ತು ಬಿಗಿಯುವ ಚೈನ್ ಹಾಕಿ ಅಂದರು. ಬೇಡ ಅಂದೆ. ಎದೆಪಟ್ಟಿ, ಉದ್ದನೆಯ ಹಗ್ಗ, ಜೇಬಿನಲ್ಲಿ ಬೇಯಿಸಿದ ಕೋಳಿ ಚೂರು, ಇಷ್ಟರಲ್ಲೇ ಕಲಿಸಿದೆ. 'ಬಾ' ಎಂದು ಒಂದೇ ಸಲ ಕರೆಯಬೇಕು, ಬಂದ ಕೂಡಲೇ ಚೂರು ಕೊಡಬೇಕು. ತಡವಾದರೆ ಯಾವುದಕ್ಕೆ ಸಿಕ್ಕಿತೆಂದು ನಾಯಿಗೆ ಗೊತ್ತಾಗುವುದಿಲ್ಲ. ಅವಳಿಗೆ ಬೇಸರ ಬರುವ ಮೊದಲೇ ಪಾಠ ಮುಗಿಸುತ್ತಿದ್ದೆ. ಬರಬರುತ್ತಾ, ಅಳಿಲು ಕಂಡು ಮೈ ಬಿಗಿಹಿಡಿದು ನಿಂತಾಗಲೂ ನನ್ನ ದನಿಗೆ ಅವಳ ಒಂದು ಕಿವಿ ಹಿಂದಕ್ಕೆ ತಿರುಗುತ್ತಿತ್ತು.

ಈ ಮಳೆಗಾಲದಲ್ಲಿ ರಾಣಿ ತೀರಿಹೋದಳು. ಗ್ರಾನೈಟ್ ಕಲ್ಲು ಹಾಕಿಸೋಣ ಅಂದ ತಮ್ಮ. ನನಗೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ನೆನಪಾಯಿತು. ರಾಷ್ಟ್ರಕೂಟರು ಚೋಳರನ್ನು ಸೋಲಿಸಿದ 949ರ ತಕ್ಕೋಲದ ಕಾಳಗದ ಕಾಲದ್ದು. ಗಂಗ ದೊರೆ ಬೂತುಗನ ವೀರ ಮಣಲೆರ ತನ್ನ ಶೌರ್ಯಕ್ಕೆ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಡುಹಂದಿಯ ಜೊತೆ ಕಾದಾಡಿ ಕಾಳಿ ಸತ್ತಿತು, ಹಂದಿಯೂ ಸತ್ತಿತು. ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆಂದು ಭೂಮಿಯನ್ನೂ ಬಿಟ್ಟರು! ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ನಾಯಿ, ಹಂದಿಯನ್ನು ಎದುರುಬದುರಾಗಿ ಕೆತ್ತಿದ್ದಾರೆ.

ನನಗೆ ಹಿಡಿಸಿದ್ದು ಆ ಭೂಮಿ ಬಿಟ್ಟ ಸಂಗತಿ. ಹಾಗಾಗಿ ರಾಣಿಯನ್ನು ತೋಟದಲ್ಲಿ, ಬಾವಿಯಿಂದ ದೂರ, ನರಿ ಕೆದಕದಷ್ಟು ಆಳಕ್ಕೆ ಹೂತು ಹೊಂಗೆ ಸಸಿ ನೆಟ್ಟೆವು. ಕಲ್ಲಿನ ದುಡ್ಡಿನಲ್ಲಿ ನಮ್ಮ ಬೀದಿಯ ನಾಯಿಗಳಿಗೆ ರೇಬೀಸ್ ಲಸಿಕೆ ಹಾಕಿಸುತ್ತಿದ್ದೇವೆ. ಪ್ರತಿ ವರ್ಷವೂ ಹಾಕಿಸಬೇಕು. ಮುಂದಿನ ವರ್ಷದ ಖರ್ಚು ತನ್ನದು ಅಂದಿದ್ದಾನೆ ತಮ್ಮ.