ಸತ್ತ ರೋಬೋ ಗೆದ್ದವನನ್ನೂ ಸಾಯಿಸಿದರೆ

ನಾನು ಕಾಂಬ್ಯಾಟ್ ಡಿಸೈನರ್. ನಮ್ಮದು ದೈತ್ಯ ರೋಬೋಗಳು ಹೊಡೆದಾಡುವ ಗೇಮ್. ಯಾವ ರೋಬೋ ಸತ್ತರೂ ಅದರ ರಿಯಾಕ್ಟರ್ ಸಿಡಿಯಲೇಬೇಕು ಅಂತ ಹಟ ಹಿಡಿದವನು ನಾನೇ. ನೋಡೋಕೆ ಭರ್ಜರಿಯಾಗಿತ್ತು ಬಿಡಿ. ಕಣ್ಣು ಕುಕ್ಕುವ ಬೆಳಕು, ಅರೆಕ್ಷಣ ಸದ್ದಿಲ್ಲ, ಆಮೇಲೆ ಢಮಾರ್. ಟ್ರೇಲರ್‌ಗೂ ಅದೇ ಶಾಟ್ ಹಾಕಿದರು.

ಗೇಮ್ ಬಿಟ್ಟ ಮೊದಲ ವಾರವೇ ಕತ್ತಿ ಹಿಡಿಯುವ ರೋಬೋ ಆಡುವವರು ಬೈಯೋಕೆ ಶುರು ಮಾಡಿದರು. ಸರಿಯಾಗೇ ಬೈದರು. ದೂರ ಕೂತು ಕ್ಷಿಪಣಿ ಬಿಡುವವನಿಗೆ ಏನೂ ಆಗಲ್ಲ, ಆದರೆ ಅಷ್ಟೊಂದು ಏಟು ತಿಂದು, ಹತ್ತಿರ ಹೋಗಿ, ಕಷ್ಟಪಟ್ಟು ಗೆದ್ದವನು ಮಾತ್ರ ಎದುರಾಳಿಯ ಹೆಣದ ಜೊತೆ ತಾನೂ ಸಾಯಬೇಕು. ಸೋಲುವ ಹಾದಿಯಲ್ಲಿದ್ದವರಂತೂ ಸೀದಾ ಎದುರಾಳಿಗಳ ಗುಂಪಿನ ನಡುವೆ ಹೋಗಿ ಹೊಡೆಸಿಕೊಳ್ಳುತ್ತಿದ್ದರು. ಒಂದು ಸಿಡಿದರೆ ಪಕ್ಕದ್ದು, ಅದು ಸಿಡಿದರೆ ಅದರ ಪಕ್ಕದ್ದು.

ಮೀಟಿಂಗ್‌ನಲ್ಲಿ ನಾನು ಬಿಡಲಿಲ್ಲ. 'ರಿಯಾಕ್ಟರ್ ಅಂದ್ಮೇಲೆ ಸಿಡಿಯುತ್ತೆ, ರಿಯಲಿಸಂ ಬೇಡ್ವಾ?' ಅಂದೆ. ಪ್ರೋಗ್ರಾಮರ್ ಒಬ್ಬಳು ತಣ್ಣಗೆ ಕೇಳಿದಳು: 'ನಮ್ಮದು ಫ್ಯೂಷನ್ ರಿಯಾಕ್ಟರ್ ಅಲ್ವಾ? ಅದರಲ್ಲಿ ಸಿಡಿಯೋದು ಏನು?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ ಕೂತು ಓದಿದೆ. ಫ್ಯೂಷನ್ ಅಂದರೆ ಹಗುರ ಪರಮಾಣುಗಳ ಬೀಜಗಳನ್ನು ಬೆಸೆದು ಶಕ್ತಿ ಪಡೆಯೋದು. ಫ್ರಾನ್ಸ್‌ನಲ್ಲಿ ಕಟ್ಟುತ್ತಿರುವ ಐಟಿಇಆರ್ ಅನ್ನೋ ಫ್ಯೂಷನ್ ರಿಯಾಕ್ಟರ್‌ನ ಪ್ಲಾಸ್ಮಾ (ಅತಿ ಬಿಸಿಯಾದ, ವಿದ್ಯುತ್ ಹರಿಯುವ ಅನಿಲ) 15 ಕೋಟಿ ಡಿಗ್ರಿಗೆ ಏರಬೇಕು, ಆದರೆ ಒಳಗೆ ಒಂದು ಹೊತ್ತಿಗೆ ಇರುವ ಇಂಧನ ಬರೀ ಕೆಲವು ಗ್ರಾಂ. ಗೋಡೆ ಒಡೆದರೆ ಪ್ಲಾಸ್ಮಾ ತಣ್ಣಗಾಗಿ ಆರಿಹೋಗುತ್ತೆ, ಅಷ್ಟೇ. ಬಾಂಬ್ ಆಗಲ್ಲ. ನಿಜವಾಗಿ ಹೆದರಬೇಕಾದದ್ದು ಅದನ್ನು ಹಿಡಿದಿಡುವ ಅಯಸ್ಕಾಂತಗಳಿಗೆ: ಐಟಿಇಆರ್‌ನ ಅಯಸ್ಕಾಂತಗಳಲ್ಲಿ ಒಟ್ಟು 51 ಗಿಗಾಜೂಲ್ ಶಕ್ತಿ ಕೂಡಿರುತ್ತೆ, ಅಂದರೆ ಸುಮಾರು 12 ಟನ್ ಟಿಎನ್‌ಟಿ ಸ್ಫೋಟಕದಷ್ಟು. ಅದೆಲ್ಲ ಒಮ್ಮೆಗೇ ಸಿಡಿಯುತ್ತೆ ಅಂತಲ್ಲ, ಆದರೆ ಕೈಕೊಟ್ಟರೆ ಸುಮ್ನೆ ಇರಲ್ಲ. 2008ರಲ್ಲಿ ಸರ್ನ್ ಪ್ರಯೋಗಾಲಯದ ದೊಡ್ಡ ಕೊಲೈಡರ್‌ನಲ್ಲಿ (ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರ) ಎರಡು ಅಯಸ್ಕಾಂತಗಳ ನಡುವಿನ ವಿದ್ಯುತ್ ಜೋಡಣೆ ಕೆಟ್ಟು ಅಯಸ್ಕಾಂತಗಳನ್ನು ತಣ್ಣಗಿಡುವ ಸುಮಾರು 6 ಟನ್ ಹೀಲಿಯಂ ಸೋರಿತು, ಟನ್‌ಗಟ್ಟಲೆ ತೂಕದ ಅಯಸ್ಕಾಂತಗಳು ಇದ್ದ ಜಾಗದಿಂದ ಜರುಗಿದವು.

ಬ್ಯಾಟಲ್‌ಟೆಕ್ ಬೋರ್ಡ್ ಗೇಮ್ 1980ರ ದಶಕದಲ್ಲೇ ಇದನ್ನು ಜಾಣತನದಿಂದ ಮಾಡಿದೆ. ಅದರ ಮೂಲ ನಿಯಮದಲ್ಲಿ ಎಂಜಿನ್‌ಗೆ ಮೂರು ಏಟು ಬಿದ್ದರೆ ರೋಬೋ ಕುಸಿಯುತ್ತೆ, ಅಷ್ಟೇ. ಬಿಸಿ ಜಾಸ್ತಿಯಾದರೆ ಸಿಡಿಯೋದು ಮದ್ದುಗುಂಡು. ಮದ್ದುಗುಂಡು ಹೊತ್ತು ತಂದವನೂ ನೀನೇ, ಬಿಸಿ ಏರಿಸಿಕೊಂಡವನೂ ನೀನೇ.

ನಾವೂ ಹಾಗೇ ಬದಲಿಸಿದೆವು. ರೋಬೋ ತಣ್ಣಗಿದ್ದಾಗ ಸತ್ತರೆ ಬರೀ ಹೊಗೆ. ಬಿಸಿ ಮಿತಿ ಮೀರಿ ಗುಂಡು ಹಾರಿಸುತ್ತಿರುವಾಗ ಸತ್ತರೆ ಮಾತ್ರ ಅಯಸ್ಕಾಂತ ಕೈಕೊಡುತ್ತೆ, ಅದೂ ನಾಲ್ಕು ಸೆಕೆಂಡ್ ಕೀರಲು ಸದ್ದು ಮಾಡಿದ ಮೇಲೆ. ಮೊದಲು ಮೂರೇ ಸೆಕೆಂಡ್ ಇಟ್ಟಿದ್ದೆವು, ಭಾರದ ಕತ್ತಿ ರೋಬೋ ಹಿಂದೆ ತಿರುಗೋಕೇ ಅದು ಸಾಕಾಗ್ತಿರಲಿಲ್ಲ.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ರೋಬೋ ತೂಕ ಎಷ್ಟು ಪಟ್ಟೋ ಸ್ಫೋಟದ ಹರವೂ ಅಷ್ಟೇ ಪಟ್ಟು ಅಂತ ಬರೆದಿದ್ದೆ. 20 ಟನ್ ರೋಬೋಗೆ 12 ಮೀಟರ್, 100 ಟನ್ನಿನದಕ್ಕೆ 60. ಆದರೆ ಸ್ಫೋಟದ ಅಲೆಯ ಹರವು ಬೆಳೆಯೋದು ಶಕ್ತಿಯ ಘನಮೂಲದ ಲೆಕ್ಕದಲ್ಲಿ. ಶಕ್ತಿ 5 ಪಟ್ಟಾದರೆ ದೂರ ಬರೀ 1.7 ಪಟ್ಟು. ಅದನ್ನು ಹಾಕಿದೆವು, 60 ಮೀಟರ್ ಇದ್ದದ್ದು ಸುಮಾರು 20ಕ್ಕೆ ಇಳಿಯಿತು. ಒಂದೇ ಸಾಲಿನ ಕೋಡ್. ಸರಪಳಿ ಸ್ಫೋಟದ ದೂರುಗಳು ಹೆಚ್ಚುಕಡಿಮೆ ನಿಂತೇ ಹೋದವು. ಎರಡು ತಿಂಗಳು ರಿಯಲಿಸಂ ಹೆಸರಲ್ಲಿ ನಾನು ವಾದ ಮಾಡಿದ್ದು ಇದರ ವಿರುದ್ಧವೇ!

ಟ್ರೇಲರ್‌ನಲ್ಲಿ ಮಾತ್ರ ಹಳೇ ಢಮಾರ್ ಇನ್ನೂ ಹಾಗೇ ಇದೆ. ತೆಗೀರಿ ಅಂತ ಎರಡು ಸಲ ಹೇಳಿದೆ. ಮಾರ್ಕೆಟಿಂಗ್‌ನವರು ನನ್ನದೇ ಹಳೇ ಮೇಲ್ ತೋರಿಸಿ ನಗುತ್ತಾರೆ.