ಮ್ಯಾಪ್ ಮೇಷ್ಟ್ರು ಎಳೆಯದೆ ಬಿಟ್ಟ ಗೆರೆ

ನಮ್ಮ ಮ್ಯಾಪ್ ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಕೇಳಿದಾಗ ಬೇರೆ ಯಾರ ಮುಖವೂ ಕಣ್ಣ ಮುಂದೆ ಬರಲಿಲ್ಲ. ಆ ನಾಲ್ಕು ವರ್ಷ ಏನೇನು ಓದಿದೆ ಅಂತ ಈಗ ಹೇಳಲಾರೆ, ಪಾಣಿಪತ್ ಕದನಗಳೆಲ್ಲ ತಲೆಯಲ್ಲಿ ಕಲಸಿಹೋಗಿವೆ. ಆದರೆ ನಮ್ಮ ಪಂಜಾಬಿನ ವಾಯುನೆಲೆ ಆದಂಪುರದಿಂದ ಪಾಕಿಸ್ತಾನದ ವಾಯುನೆಲೆ ಸರ್ಗೋಧಾ ಯಾವ ದಿಕ್ಕಿಗೆ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಪಶ್ಚಿಮಕ್ಕೆ, ಸ್ವಲ್ಪ ಉತ್ತರಕ್ಕೆ ಓರೆಯಾಗಿ.

ಮೇಷ್ಟ್ರು ಕೊಡಗಿನವರಲ್ಲ, ಹಾಸನದ ಕಡೆಯವರು. ಆದರೂ ನಮ್ಮ ಕೊಡಗಿನ ವಾಯುಪಡೆ ಪೈಲಟ್ ಅಜ್ಜಮಾಡ ದೇವಯ್ಯನವರ ವಿಷಯ ನಮಗೆಲ್ಲ ಹೇಳಿದ್ದು ಅವರೇ. ಟ್ರೇಸಿಂಗ್ ಪೇಪರಿನಲ್ಲಿ ಪಂಜಾಬಿನ ಒಂದು ಮ್ಯಾಪ್ ಬರೆದಿಟ್ಟುಕೊಂಡಿದ್ದರು. ಆದಂಪುರದಿಂದ ಸರ್ಗೋಧಾಕ್ಕೆ ಕೆಂಪು ಶಾಯಿಯ ಗೆರೆ. ಪಾಕಿಸ್ತಾನದ ಜೊತೆ ಯುದ್ಧ ನಡೆದಾಗ, 1965ರ ಸೆಪ್ಟೆಂಬರ್ 7ರ ಬೆಳಿಗ್ಗೆ ನಮ್ಮ ಮಿಸ್ಟೇರ್ ಯುದ್ಧವಿಮಾನಗಳು ದಾಳಿಗೆ ಹೋದ ದಾರಿ ಅದು. ಸ್ಕ್ವಾಡ್ರನ್ ಲೀಡರ್ ದೇವಯ್ಯ ಆ ದಿನ ಹೋಗಲೇಬೇಕು ಅಂತೇನೂ ಇರಲಿಲ್ಲ. ಬೇರೊಬ್ಬರ ವಿಮಾನ ಕೈಕೊಟ್ಟರೆ ಮಾತ್ರ ಹೋಗಬೇಕಾದ ಜಾಗ ಅವರದು. ಹಾಗೇ ಆಯಿತು, ಹೋದರು, ಬರಲಿಲ್ಲ. ಮ್ಯಾಪಿನಲ್ಲಿ ಸರ್ಗೋಧಾ ಹತ್ತಿರ ಮೇಷ್ಟ್ರು ಒಂದು ಪ್ರಶ್ನೆ ಚಿಹ್ನೆ ಹಾಕಿದ್ದರು. ವಾಪಸ್ ಬರುವ ಗೆರೆ ಎಳೆದಿರಲಿಲ್ಲ. "ಸಾರ್, ಅವರು ಸತ್ತುಹೋದರಾ?" ಅಂತ ಒಬ್ಬ ಕೇಳಿದ. "ಸತ್ತರು ಅಂತ ನಾನು ಹೇಳಿದೆನೇನೋ? ಕಾಣೆಯಾಗಿದ್ದಾರೆ ಅಂದೆ" ಅಂದರು. ಅದೇ ತಿಂಗಳ 22ಕ್ಕೆ ಜನರಲ್ ಕಾರ್ಯಪ್ಪನವರ ಮಗನ ಹಂಟರ್ ವಿಮಾನವೂ ಬಿದ್ದಿತ್ತು. ಅವರು ಸೆರೆಸಿಕ್ಕರು, ಆಮೇಲೆ ಬಿಡುಗಡೆಯಾಗಿ ಮನೆಗೆ ಬಂದರು. ದೇವಯ್ಯನವರ ಮನೆಗೆ ಬಂದದ್ದು ಅದೊಂದು ಮಾತು ಮಾತ್ರ, ಕಾಣೆ.

1987ರ ಮಳೆಗಾಲದಲ್ಲಿ ಒಂದು ದಿನ ಮೇಷ್ಟ್ರು ಕ್ಲಾಸಿಗೆ ಬರುವುದು ತಡವಾಯಿತು. ಹಿಂದಿನ ಬೆಂಚಿನ ನಾವು ಮೂವರು ಆ ಮ್ಯಾಪನ್ನೇ ಮಡಚಿ ವಿಮಾನ ಮಾಡಿದೆವು. ಮಡಚಿದ್ದು ನಾನು. ಕಿಟಕಿಯಿಂದ ಬಿಟ್ಟಾಗ ಗಾಳಿಗೆ ಮೇಲೆದ್ದು, ಬೇಲಿ ದಾಟಿ, ಕೆಳಗಿನ ಕಾಫಿ ತೋಟದ ಸಿಲ್ವರ್ ಮರಗಳ ನಡುವೆ ಎಲ್ಲೋ ಹೋಯಿತು. ಮೇಷ್ಟ್ರು ಬಂದರು, ಮೇಜು ನೋಡಿದರು, ನಮ್ಮ ಮುಖ ನೋಡಿದರು. ಬೆತ್ತ ಮುಟ್ಟಲಿಲ್ಲ. "ಹೋಗಿ ಹುಡುಕಿ" ಅಂದರು ಅಷ್ಟೇ. ಸಂಜೆವರೆಗೂ ಹುಡುಕಿದೆವು. ಕಾಲಿಗೆಲ್ಲ ಜಿಗಣೆ. ಕತ್ತಲಾಗುವ ಹೊತ್ತಿಗೆ ನೋಡಿದರೆ ಮೇಷ್ಟ್ರೂ ಕೊಡೆ ಹಿಡಿದು, ಪಂಚೆ ಎತ್ತಿ ಕಟ್ಟಿ, ಗಿಡದ ಬುಡದಲ್ಲಿ ಬಗ್ಗಿ ಹುಡುಕುತ್ತಿದ್ದಾರೆ. ಸಿಗಲಿಲ್ಲ. "ಮನೆಗೆ ಹೋಗಿ, ಅಮ್ಮ ಕಾಯ್ತಿರ್ತಾರೆ" ಅಂದರು. ಬೈದಿದ್ದರೆ ನಾನು ಅದನ್ನು ಎಂದೋ ಮರೆತಿರುತ್ತಿದ್ದೆ.

1988ರಲ್ಲಿ ಒಂದು ದಿನ ಪೇಪರ್ ಹಿಡಿದುಕೊಂಡು ಬಂದರು. ದೇವಯ್ಯನವರಿಗೆ ಮಹಾವೀರ ಚಕ್ರ! 23 ವರ್ಷದ ಮೇಲೆ. ಪಾಕಿಸ್ತಾನದ ಕಡೆಯಿಂದ ಮಾಹಿತಿ ಪಡೆದು ಬ್ರಿಟಿಷ್ ಲೇಖಕನೊಬ್ಬ ಬರೆದ ಪುಸ್ತಕದಿಂದ ಗುಟ್ಟು ಹೊರಬಿದ್ದಿತ್ತು. ವಾಪಸ್ ಬರುವಾಗ ಪಾಕಿಸ್ತಾನದವರ ಸ್ಟಾರ್‌ಫೈಟರ್, ಅಮೆರಿಕದಲ್ಲಿ ಮಾಡಿದ ಯುದ್ಧವಿಮಾನ, ಬೆನ್ನುಹತ್ತಿದೆ. ಶಬ್ದದ ಎರಡರಷ್ಟು ವೇಗದ ವಿಮಾನ ಅದು, ನಮ್ಮ ಮಿಸ್ಟೇರ್ ಅದರ ಮುಂದೆ ಏನೇನೂ ಅಲ್ಲ. ನಿಂತು ಕಾದಾಡಿದರೆ ಮನೆ ಮುಟ್ಟಲು ಇಂಧನ ಸಾಲುವುದಿಲ್ಲ. ಏಟು ತಿಂದ ಮೇಲೂ ದೇವಯ್ಯ ತಿರುಗಿಬಿದ್ದು ಅದನ್ನು ಹೊಡೆದು ಕೆಡವಿದರು. ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದ. ದೇವಯ್ಯ ಬದುಕಲಿಲ್ಲ. ಅಲ್ಲಿನ ಹಳ್ಳಿಯವರೇ ಮಣ್ಣು ಮಾಡಿದರು ಅಂತ ಹೇಳುತ್ತಾರೆ. ಮೇಷ್ಟ್ರು ಓದುತ್ತಾ ಓದುತ್ತಾ ನಿಲ್ಲಿಸಿಬಿಟ್ಟರು. ಆಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಆ ವಾರವೇ ಹೊಸ ಮ್ಯಾಪ್ ಬರೆದರು. ಗೆರೆ ಎಳೆಯಲು ಕರೆದದ್ದು ನನ್ನನ್ನು! ನನ್ನ ಕೈ ಚೆನ್ನಾಗಿತ್ತು, ಮ್ಯಾಪಿನಲ್ಲಿ ಕ್ಲಾಸಿಗೆ ಯಾವಾಗಲೂ ನಾನೇ ಮೊದಲು. ಮುಂದೆ ಎಂಜಿನಿಯರ್ ಆಗಿ, 24 ವರ್ಷದಿಂದ ವಿಮಾನದ ಬಿಡಿಭಾಗಗಳ ನಕ್ಷೆ ಬರೆಯುತ್ತಿದ್ದೇನೆ. ಇದಕ್ಕೆಲ್ಲ ಮೊದಲ ಗೆರೆ ಅದೇ ಅಂತ ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ಈಗಿನ ಕ್ಲಾಸುಗಳಲ್ಲಿ ಸ್ಮಾರ್ಟ್ ಬೋರ್ಡ್ ಇದೆ, ಬೆರಳು ತಾಗಿಸಿದರೆ ಸರ್ಗೋಧಾ ಕಾಣುತ್ತದೆ, ಒಳ್ಳೆಯದೇ. ಆದರೆ ನನ್ನ ಮಗಳು ಇವತ್ತಿನವರೆಗೆ ಕೈಯಲ್ಲಿ ಒಂದು ಮ್ಯಾಪ್ ಬರೆದಿಲ್ಲ. ಬೇಜಾರಾಗುತ್ತದೆ.

2007ರಲ್ಲಿ ಒಂದು ರಾತ್ರಿ ಮೇಷ್ಟ್ರ ಫೋನ್. ಪಾಕಿಸ್ತಾನದ ಜೊತೆಗಿನ ಯುದ್ಧಗಳಲ್ಲಿ ಕಾಣೆಯಾದ ನಮ್ಮ ಸೇನೆಯ 54 ಮಂದಿಯ ಪೈಕಿ ಕೆಲವರ ಮನೆಯವರು, ಒಟ್ಟು 14 ಜನ, ಪಾಕಿಸ್ತಾನದ ಜೈಲುಗಳನ್ನು ನೋಡಲು ಹೊರಟಿದ್ದರು. ಆ 54ರಲ್ಲಿ ವಾಯುಪಡೆಯವರೂ ಹಲವರು. ಫ್ಲೈಟ್ ಲೆಫ್ಟಿನೆಂಟ್ ತಾಂಬೆ ಅವರಲ್ಲಿ ಒಬ್ಬರು. 1971ರ ಡಿಸೆಂಬರಿನಲ್ಲಿ ಅವರ ವಿಮಾನ ಬಿದ್ದಾಗ ಮದುವೆಯಾಗಿ ಒಂದೂವರೆ ವರ್ಷ. ಹೆಂಡತಿ ದಮಯಂತಿ, ಹೆಸರಾಂತ ಬ್ಯಾಡ್ಮಿಂಟನ್ ಆಟಗಾರ್ತಿ. "ಹುಡುಕಲಿಕ್ಕೆ ಹೋಗ್ತಿದ್ದಾರೆ ಕಣಯ್ಯ, 36 ವರ್ಷ ಆಯ್ತು" ಅಂದರು ಮೇಷ್ಟ್ರು. ಅವರ ದನಿ ನಡುಗುತ್ತಿತ್ತು. ಹೋದವರು ಬರಿಗೈಯಲ್ಲಿ ವಾಪಸ್ ಬಂದ ಸುದ್ದಿ ಓದಿ ನಾನೇ ಫೋನ್ ಮಾಡಿದೆ. ಇಬ್ಬರೂ ಜಾಸ್ತಿ ಮಾತಾಡಲಿಲ್ಲ.

ತಿಥಿಯ ದಿನ ಮೇಷ್ಟ್ರ ಮಗಳು ಒಂದು ಸುರುಳಿ ತಂದುಕೊಟ್ಟರು. ನಾನು ಗೆರೆ ಎಳೆದ ಅದೇ ಮ್ಯಾಪ್, ಅಂಚು ಹಳದಿಯಾಗಿದೆ. ಪ್ರಶ್ನೆ ಚಿಹ್ನೆ ಇದ್ದ ಕಡೆ ಈಗ ದೇವಯ್ಯನವರ ಹೆಸರು, ತಾರೀಖು. ವಾಪಸ್ ಬರುವ ಗೆರೆ ಇದರಲ್ಲೂ ಇಲ್ಲ. ಹೆಡ್‌ಮಾಸ್ಟರ ಹತ್ತಿರ ಮಾತಾಡಿದ್ದೇನೆ, ಒಂಬತ್ತನೇ ಕ್ಲಾಸಿನ ಗೋಡೆಗೆ ಹಾಕಲು ಒಪ್ಪಿದ್ದಾರೆ. ಬೆಂಗಳೂರಿನಿಂದ ಬರುವಾಗ ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ. ಮಡಚಿಲ್ಲ.